ಭವಿಷ್ಯ ಕೇಳಲು ಬಂದವರಿಗೆ ಲೆಕ್ಕ ಹೇಳಿದವರು

ಭಾರತಕ್ಕೆ ಆದಾಯ ತೆರಿಗೆ ತಂದದ್ದು ಒಬ್ಬ ಟೋಪಿ ವ್ಯಾಪಾರಿ. ಸ್ಕಾಟ್ಲೆಂಡಿನ ಜೇಮ್ಸ್ ವಿಲ್ಸನ್ ಟೋಪಿ ತಯಾರಿಸಿ ಮಾರುತ್ತಿದ್ದವರು. ನಡುವೆ ನೀಲಿಯ ಬೆಲೆಯ ಮೇಲೆ ಸಟ್ಟಾ ಕಟ್ಟಿ ಆಸ್ತಿಯ ಬಹುಪಾಲನ್ನು ಕಳೆದುಕೊಂಡರು. 1843ರಲ್ಲಿ ಲಂಡನ್ನಿನಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆ ಆರಂಭಿಸಿ, ಧಾನ್ಯದ ಆಮದು ಸುಂಕದಿಂದ ಯಾರ ಗಂಟು ಕರಗುತ್ತದೆ, ಯಾರ ಗಂಟು ಬೆಳೆಯುತ್ತದೆ ಎಂದು ವರ್ತಕರಿಗೆ ವಾರ ವಾರವೂ ಬಿಡಿಸಿ ಹೇಳಿದರು. 1857ರ ದಂಗೆಯಿಂದ ಬರಿದಾಗಿದ್ದ ಬೊಕ್ಕಸವನ್ನು ಸರಿಪಡಿಸಲು ಕಲ್ಕತ್ತೆಗೆ ಬಂದವರು 1860ರಲ್ಲಿ ಬಜೆಟ್ ಮಂಡಿಸಿ ಆದಾಯ ತೆರಿಗೆ ಹೇರಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ರಕ್ತಭೇದಿಯಿಂದ ತೀರಿಕೊಂಡರು.

ವ್ಯಾಪಾರಸ್ಥರ ಮುಂದೆ ನಿಂತು ಆರ್ಥಿಕತೆಯ ಒಳಗುಟ್ಟು ವಿವರಿಸುವ ಕಸುಬಿಗೆ ಮೂಲಪುರುಷರೊಬ್ಬರನ್ನು ಹುಡುಕುವುದಾದರೆ ವಿಲ್ಸನ್ ಹೆಸರನ್ನೇ ಹೇಳಬೇಕು. ಅವರು ಪ್ರಾಧ್ಯಾಪಕರಲ್ಲ. ವಿಶ್ವವಿದ್ಯಾಲಯದವರು ಈ ಕಸುಬಿಗೆ ಇಳಿದದ್ದು ಬಹಳ ತಡವಾಗಿ. ಇಳಿದವರು ಮೊದಲು ಕೈಗೆತ್ತಿಕೊಂಡದ್ದು ವಿವರಿಸುವ ಕೆಲಸವನ್ನಲ್ಲ, ಭವಿಷ್ಯ ಹೇಳುವ ಕೆಲಸವನ್ನು.

1907ರಲ್ಲಿ ನ್ಯೂಯಾರ್ಕಿನ ಬ್ಯಾಂಕುಗಳ ಮುಂದೆ ಠೇವಣಿದಾರರು ಸಾಲುಗಟ್ಟಿ ನಿಂತಾಗ ಅಮೆರಿಕದಲ್ಲಿ ಕೇಂದ್ರೀಯ ಬ್ಯಾಂಕೇ ಇರಲಿಲ್ಲ. ಮುಂದೇನು ಎಂದು ತಿಳಿಯದ ವ್ಯಾಪಾರಿಗಳಿಗೆ, ತಿಳಿದಿದೆ ಎನ್ನುವ ಯಾರ ಮಾತಾದರೂ ಬೇಕಾಗಿತ್ತು. ಎಂಜಿನಿಯರಿಂಗ್ ಓದಿದ್ದ ರೋಜರ್ ಬ್ಯಾಬ್ಸನ್ ಆ ಹಸಿವನ್ನು ಗುರುತಿಸಿದರು. ನ್ಯೂಟನ್ನನ ಮೂರನೆಯ ನಿಯಮವನ್ನು ಮಾರುಕಟ್ಟೆಗೆ ಹಚ್ಚಿ, ಏರಿದಷ್ಟೇ ಇಳಿಯಬೇಕು ಎಂಬ ತತ್ತ್ವದ ಮೇಲೆ ನಕ್ಷೆ ಬರೆದು ಚಂದಾದಾರರಿಗೆ ಕಳಿಸತೊಡಗಿದರು. 1929ರ ಸೆಪ್ಟೆಂಬರ್ 5ರಂದು, ಷೇರುಪೇಟೆ ಕುಸಿಯಲಿದೆ ಎಂದು ಭಾಷಣ ಮಾಡಿದರು. ಮರು ತಿಂಗಳು ಕುಸಿಯಿತು. ಬ್ಯಾಬ್ಸನ್ ಹೆಸರಾದರು. ಅದಕ್ಕೂ ಹಿಂದಿನ ಎರಡು ವರ್ಷ ಅವರು ಅದನ್ನೇ ಹೇಳುತ್ತ ಬಂದಿದ್ದರು ಎಂಬುದು ಆಮೇಲೆ ಯಾರಿಗೂ ನೆನಪಾಗಲಿಲ್ಲ.

ಅದೇ ಹೊತ್ತಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವೂ ಮುನ್ಸೂಚನೆ ಮಾರುವ ಒಂದು ಸೇವೆ ನಡೆಸುತ್ತಿತ್ತು. ಸಟ್ಟಾ, ವ್ಯಾಪಾರ, ಹಣ ಎಂಬ ಮೂರು ರೇಖೆಗಳು ಒಂದರ ಹಿಂದೆ ಒಂದು ಚಲಿಸುತ್ತವೆ. ಮೊದಲನೆಯದನ್ನು ನೋಡಿ ಉಳಿದವನ್ನು ಹೇಳಬಹುದು ಎಂಬುದು ಅದರ ವಿಧಾನ. ಷೇರುಪೇಟೆ ಕುಸಿದ ನಂತರವೂ, ತೀವ್ರ ಮುಗ್ಗಟ್ಟಿನ ಸಂಭವವಿಲ್ಲ ಎಂದೇ ಅದು ಚಂದಾದಾರರಿಗೆ ಬರೆಯುತ್ತಿತ್ತು. 1931ರಲ್ಲಿ ಆ ಸೇವೆಯನ್ನೇ ಮುಚ್ಚಬೇಕಾಯಿತು.

ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ಮುಖ್ಯರಾಗಿ ಕಾಣುವವರು ಯೇಲ್ ವಿಶ್ವವಿದ್ಯಾಲಯದ ಅರ್ವಿಂಗ್ ಫಿಷರ್. ಅಂದಿನ ಅಮೆರಿಕದ ಅತಿ ದೊಡ್ಡ ಅರ್ಥಶಾಸ್ತ್ರಜ್ಞ. ಕಚೇರಿಗಳಲ್ಲಿ ಕಾರ್ಡುಗಳನ್ನು ಜೋಡಿಸಿಡುವ ಒಂದು ಸಾಧನ ಕಂಡುಹಿಡಿದು, ಅದನ್ನು ಮಾರಿ ಶ್ರೀಮಂತರೂ ಆಗಿದ್ದರು. ಷೇರು ಬೆಲೆಗಳು ಎತ್ತರದ ಪ್ರಸ್ಥಭೂಮಿಯೊಂದನ್ನು ಮುಟ್ಟಿವೆ, ಇನ್ನು ಅಲ್ಲೇ ನಿಲ್ಲುತ್ತವೆ ಎಂದು 1929ರ ಅಕ್ಟೋಬರ್‌ನಲ್ಲಿ ಹೇಳಿ, ಕೆಲವೇ ದಿನಗಳಲ್ಲಿ ಮರ್ಯಾದೆ ಕಳೆದುಕೊಂಡರು. ಹೇಳಿದಂತೆಯೇ ನಡೆದುಕೊಂಡವರಾದ್ದರಿಂದ ಸ್ವಂತ ಆಸ್ತಿಯನ್ನೂ ಕಳೆದುಕೊಂಡರು. ಪ್ರಸ್ಥಭೂಮಿಯ ಆ ಮಾತು ಇಂದಿಗೂ ಅರ್ಥಶಾಸ್ತ್ರಜ್ಞರನ್ನು ಗೇಲಿ ಮಾಡಲು ಬಳಕೆಯಾಗುತ್ತದೆ. ಆದರೆ 1933ರಲ್ಲಿ ಅದೇ ಫಿಷರ್ ಒಂದು ಪ್ರಬಂಧ ಬರೆದರು. ಸಾಲ ತೀರಿಸಲು ಎಲ್ಲರೂ ಒಟ್ಟಿಗೇ ಸರಕು ಮಾರಲು ಹೊರಟರೆ ಬೆಲೆ ಬೀಳುತ್ತದೆ. ಬೆಲೆ ಬಿದ್ದಾಗ ಹಣದ ಮೌಲ್ಯ ಏರಿ ಉಳಿದ ಸಾಲ ಇನ್ನಷ್ಟು ಭಾರವಾಗುತ್ತದೆ. ತೀರಿಸಿದಷ್ಟೂ ಸಾಲ ಬೆಳೆಯುತ್ತದೆ. ಆ ವಿವರಣೆಯನ್ನು ಅಂದು ಕೇಳುವವರಿರಲಿಲ್ಲ, ಏಕೆಂದರೆ ಹೇಳಿದವರು ಫಿಷರ್. 2008ರ ಬಿಕ್ಕಟ್ಟಿನಲ್ಲಿ ಜಗತ್ತಿನ ಕೇಂದ್ರೀಯ ಬ್ಯಾಂಕುಗಳು ಮತ್ತೆ ತೆರೆದು ಓದಿದ್ದು ಅದನ್ನೇ.

ಆಲ್ಫ್ರೆಡ್ ಕೌಲ್ಸ್ ಎಂಬ ಹೂಡಿಕೆದಾರರು 1933ರಲ್ಲೇ ಷೇರುಪೇಟೆಯ ಭವಿಷ್ಯಕಾರರ ಸಾಧನೆಯನ್ನು ಅಳೆದು ನೋಡಿದರು. ಕಣ್ಣು ಮುಚ್ಚಿ ಆರಿಸಿದ್ದಕ್ಕಿಂತ ಅವರ ಸಲಹೆ ಮೇಲೆಂದು ಹೇಳಲು ಆಧಾರ ಸಿಗಲಿಲ್ಲ. ಅಂದಿಗೇ ಆ ವ್ಯಾಪಾರ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಕೇಳುವವರಿರುವ ತನಕ ಹೇಳುವವರೂ ಇರುತ್ತಾರೆ. ಆದರೆ ಅದರ ಪಕ್ಕದಲ್ಲೇ, ಸದ್ದಿಲ್ಲದೆ, ಬೇರೊಂದು ಕೆಲಸ ಆರಂಭವಾಗಿತ್ತು. ಅರ್ಥಶಾಸ್ತ್ರಜ್ಞ ವೆಸ್ಲಿ ಮಿಚೆಲ್ ಮತ್ತು ಸಂಗಡಿಗರು 1920ರಿಂದ ವ್ಯಾಪಾರ ಚಕ್ರದ ಏರಿಳಿತಗಳನ್ನು ದಾಖಲಿಸುತ್ತಿದ್ದರು. 1934ರಲ್ಲಿ ಸೈಮನ್ ಕುಜ್ನೆಟ್ಸ್ ಅಮೆರಿಕದ ರಾಷ್ಟ್ರೀಯ ಆದಾಯದ ಲೆಕ್ಕವನ್ನು ಸೆನೆಟ್‌ಗೆ ಕೊಟ್ಟರು. ಮುಂದೇನಾಗುತ್ತದೆ ಎನ್ನುವ ಮುಂಚೆ ಈಗೇನಾಗುತ್ತಿದೆ ಎಂದು ಹೇಳಲು ಬೇಕಾದ ಸಾಮಗ್ರಿ ಕೈಗೆ ಬಂದದ್ದು ಹೀಗೆ.

ಇಂಗ್ಲೆಂಡಿನಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ಈ ವಿವರಿಸುವ ಕೆಲಸಕ್ಕೆ ಬೇರೊಂದು ವೇದಿಕೆ ಕಂಡುಕೊಂಡಿದ್ದರು. 1921ರಿಂದ 1938ರವರೆಗೆ ಅವರು ನ್ಯಾಷನಲ್ ಮ್ಯೂಚುಯಲ್ ಎಂಬ ಜೀವವಿಮಾ ಸಂಸ್ಥೆಯ ಅಧ್ಯಕ್ಷರು. ವಾರ್ಷಿಕ ಸಭೆಯಲ್ಲಿ ಅವರು ಬಡ್ಡಿ ದರದ ಬಗ್ಗೆ ಆಡುವ ಮಾತಿಗಾಗಿ ಲಂಡನ್ನಿನ ಹಣದ ಪೇಟೆ ಕಾಯುತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ದೊಡ್ಡ ಕಂಪನಿಗಳು ಸಂಬಳ ಕೊಟ್ಟು ಅರ್ಥಶಾಸ್ತ್ರಜ್ಞರನ್ನು ಇಟ್ಟುಕೊಳ್ಳತೊಡಗಿದವು. 1959ರಲ್ಲಿ ಅವರದೇ ರಾಷ್ಟ್ರೀಯ ಸಂಘ ಹುಟ್ಟಿತು. ಈ ಪೀಳಿಗೆಯ ಒಳ್ಳೆಯ ಮಾದರಿ ಅಲನ್ ಗ್ರೀನ್‌ಸ್ಪ್ಯಾನ್, ಮುಂದೆ ಅಮೆರಿಕದ ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾದ ಮೇಲಿನವರಲ್ಲ, ಅದಕ್ಕೆ ಮುಂಚಿನವರು. 1950ರ ದಶಕದಲ್ಲಿ ಅವರ ಸಲಹಾ ಸಂಸ್ಥೆಯ ಗಿರಾಕಿಗಳಲ್ಲಿ ಉಕ್ಕಿನ ಕಂಪನಿಗಳಿದ್ದವು. ಕಾರ್ಖಾನೆಯಿಂದ ಹೊರಡುವ ಉಕ್ಕೆಷ್ಟು, ಕೊಂಡವರು ನಿಜಕ್ಕೂ ಬಳಸುತ್ತಿರುವುದೆಷ್ಟು ಎಂದು ಅವರು ಬೇರೆ ಬೇರೆ ಮೂಲಗಳಿಂದ ಕೂಡಿಸಿ ಕಳೆದು ನೋಡಿದರು. ಮಾರಾಟ ಜೋರಾಗಿತ್ತು, ಬಳಕೆ ಅಷ್ಟಿರಲಿಲ್ಲ. ಅಂದರೆ ನಡುವೆ ಎಲ್ಲೋ ಗೋದಾಮುಗಳಲ್ಲಿ ಉಕ್ಕು ಬೀಳುತ್ತಿತ್ತು. ದಾಸ್ತಾನು ತುಂಬಿದ ದಿನ ಆರ್ಡರ್ ನಿಲ್ಲುತ್ತದೆ. 1958ರ ಹಿಂಜರಿತದಲ್ಲಿ ಆದದ್ದು ಅದೇ. ಹೊರನೋಟಕ್ಕೆ ಇದೂ ಭವಿಷ್ಯವಾಣಿಯೇ. ಆದರೆ ಬ್ಯಾಬ್ಸನ್‌ರ ನಕ್ಷೆಗೂ ಇದಕ್ಕೂ ಅಜಗಜಾಂತರ: ಇಲ್ಲಿ ಗಿರಾಕಿ ತಾನೇ ಗೋದಾಮಿಗೆ ಹೋಗಿ ಪರೀಕ್ಷಿಸಬಹುದಾದ ಒಂದು ಕಾರಣವಿದೆ. ಹಾಗೆ ಕೆಳಗಿನಿಂದ ಲೆಕ್ಕ ಹಾಕಿದವರೇ ಮುಂದೆ, ಬ್ಯಾಂಕುಗಳು ತಮ್ಮ ಹಿತವನ್ನು ತಾವೇ ಕಾಯ್ದುಕೊಳ್ಳುತ್ತವೆಂದು ನಂಬಿದ್ದು ತಪ್ಪಾಯಿತೆಂದು 2008ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಒಪ್ಪಿಕೊಳ್ಳಬೇಕಾಯಿತು.

ಕಂಪ್ಯೂಟರ್ ಬಂದ ಮೇಲೆ ಲಾರೆನ್ಸ್ ಕ್ಲೈನ್, ಆಟೊ ಎಕ್‌ಸ್ಟೈನ್ ಮೊದಲಾದ ಅರ್ಥಶಾಸ್ತ್ರಜ್ಞರು ನೂರಾರು ಸಮೀಕರಣಗಳ ಮಾದರಿ ಕಟ್ಟಿ ಕಂಪನಿಗಳಿಗೆ ಚಂದಾ ಮೇಲೆ ಒದಗಿಸಿದರು. ಕ್ಲೈನ್‌ಗೆ 1980ರಲ್ಲಿ ನೊಬೆಲ್ ಬಂತು. ಅಷ್ಟರೊಳಗೆ 1973ರ ತೈಲ ಆಘಾತ ಆ ಮಾದರಿಗಳ ಮಿತಿಯನ್ನು ತೋರಿಸಿ ಆಗಿತ್ತು. ವಾಲ್‌ಸ್ಟ್ರೀಟಿನಲ್ಲಿ ಮಾತ್ರ ಒಬ್ಬರ ಬಾಯಿಮಾತೇ ಪೇಟೆಯನ್ನು ಅಲುಗಿಸಬಲ್ಲದೆಂದು 1982ರ ಆಗಸ್ಟ್ 17ರಂದು ಕಂಡಿತು. ಬಡ್ಡಿ ಏರುತ್ತಲೇ ಇರುತ್ತದೆ ಎನ್ನುತ್ತಿದ್ದ ಸಾಲೊಮನ್ ಬ್ರದರ್ಸ್‌ನ ಅರ್ಥಶಾಸ್ತ್ರಜ್ಞ ಹೆನ್ರಿ ಕಾಫ್‌ಮನ್ ಅಂದು, ಇನ್ನು ಇಳಿಯಲಿದೆ ಎಂದರು. ಡೌ ಸೂಚ್ಯಂಕ ಒಂದೇ ದಿನ 38.81 ಅಂಶ ಜಿಗಿಯಿತು. ಆವರೆಗಿನ ದಾಖಲೆ ಅದು.

ನಮ್ಮಲ್ಲಿ ಈ ಕಸುಬು ಬೆಳೆದ ದಾರಿಯೇ ಬೇರೆ. ಪರಾಧೀನ ದೇಶದ ವ್ಯಾಪಾರಿಗೆ ನಾಳೆಯ ಷೇರು ಬೆಲೆಗಿಂತ, ತನ್ನ ದೇಶದಲ್ಲಿ ಉದ್ಯಮ ಏಕಿಲ್ಲ ಎಂಬ ಪ್ರಶ್ನೆ ದೊಡ್ಡದಾಗಿತ್ತು. ಅದನ್ನು ವ್ಯವಸ್ಥಿತವಾಗಿ ಕೈಗೆತ್ತಿಕೊಂಡ ಸಂಸ್ಥಾನಗಳಲ್ಲಿ ಮೈಸೂರು ಮುಂದಿತ್ತು. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911ರಲ್ಲಿ ನಡೆದ ಮೈಸೂರು ಆರ್ಥಿಕ ಸಮ್ಮೇಳನದಲ್ಲಿ ಅಧಿಕಾರಿಗಳೂ ಜಮೀನುದಾರರೂ ವರ್ತಕರೂ ಒಟ್ಟಿಗೆ ಕುಳಿತು ಕೃಷಿ, ಶಿಕ್ಷಣ, ಕೈಗಾರಿಕೆಗಳ ಅಂಕಿಅಂಶ ಚರ್ಚಿಸಿದರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಾಣಿಜ್ಯ ಮಂಡಳಿ ಅದರ ಬೆನ್ನಿಗೇ ಬಂದವು. ಬ್ಯಾಬ್ಸನ್‌ರಂತೆ ವಿಶ್ವೇಶ್ವರಯ್ಯನವರೂ ಎಂಜಿನಿಯರ್ ಎನ್ನುವುದು ಕಾಕತಾಳೀಯವಿರಬಹುದು. ಇಬ್ಬರಿಗೂ ನಕ್ಷೆ, ಕೋಷ್ಟಕಗಳ ಮೇಲೆ ಅಪಾರ ನಂಬಿಕೆ.

1944ರ ಜನವರಿಯಲ್ಲಿ ಟಾಟಾ, ಬಿರ್ಲಾ ಮೊದಲಾದ ಉದ್ಯಮಿಗಳು 15 ವರ್ಷಗಳಲ್ಲಿ 10,000 ಕೋಟಿ ರೂಪಾಯಿ ಹೂಡುವ ‘ಬಾಂಬೆ ಯೋಜನೆ’ಯನ್ನು ಮುಂದಿಟ್ಟರು. ಸಹಿ ಹಾಕಿದ ಎಂಟು ಮಂದಿಯಲ್ಲಿ ಒಬ್ಬರಾದ ಜಾನ್ ಮಥಾಯ್ ಅರ್ಥಶಾಸ್ತ್ರ ಪಾಠ ಹೇಳಿದವರು, ಸರ್ಕಾರದ ಅಂಕಿಅಂಶ ಇಲಾಖೆ ನಡೆಸಿದವರು, ಆಮೇಲೆ ಟಾಟಾ ಸೇರಿದವರು. ಉದ್ಯಮದೊಳಗೇ ಕುಳಿತು ಉದ್ಯಮಿಗಳಿಗೆ ದೇಶದ ಲೆಕ್ಕ ಹೇಳಿದ ಭಾರತೀಯರಲ್ಲಿ ಅವರು ಮೊದಲ ಸಾಲಿನವರು. ಮುಂದೆ ಹಣಕಾಸು ಸಚಿವರಾದರು. 1955ರಲ್ಲಿ ಸ್ಟೇಟ್ ಬ್ಯಾಂಕಿನ ಮೊದಲ ಅಧ್ಯಕ್ಷರೂ ಆದರು.

ನಂತರದ ಮೂರು ದಶಕ ಈ ಕಸುಬಿಗೆ ಒಣಗಾಲ. ಪರವಾನಗಿ, ಕೋಟಾಗಳ ಕಾಲದ ಉದ್ಯಮಿಗೆ ಬೇಕಾಗಿದ್ದುದು ಬಡ್ಡಿಯ ಅಂದಾಜಲ್ಲ, ದೆಹಲಿಯ ಉದ್ಯೋಗ ಭವನದಲ್ಲಿ ತನ್ನ ಕಡತ ಯಾರ ಮೇಜಿನ ಮೇಲಿದೆ ಎಂಬ ಸುದ್ದಿ. ಹಾಗಿದ್ದೂ ಟಾಟಾ ಸಂಸ್ಥೆಯ ಅಂಕಿಅಂಶ ವಿಭಾಗದ ಕಿರುಹೊತ್ತಿಗೆ ‘ಸ್ಟ್ಯಾಟಿಸ್ಟಿಕಲ್ ಔಟ್‌ಲೈನ್ ಆಫ್ ಇಂಡಿಯಾ’ ಅನೇಕ ಮೇಜುಗಳ ಮೇಲಿತ್ತು. 1976ರಲ್ಲಿ ನರೋತ್ತಮ ಶಾ ಸ್ಥಾಪಿಸಿದ ಸಿಎಂಐಇ ಎಂಬ ಸಂಸ್ಥೆ ಸರ್ಕಾರಿ ವರದಿಗಳಲ್ಲಿ ಚದುರಿಹೋಗಿದ್ದ ಅಂಕಿಗಳನ್ನು ಒಂದೆಡೆ ತಂದಿತು.

ಆ ಕಾಲದ ಅತಿ ಜನಪ್ರಿಯ ಆರ್ಥಿಕ ಭಾಷಣಕಾರರು ಅರ್ಥಶಾಸ್ತ್ರಜ್ಞರೇ ಅಲ್ಲ, ವಕೀಲರು. ನಾನಿ ಪಾಲ್ಖಿವಾಲಾ 1958ರಲ್ಲಿ ಮುಂಬೈಯ ಗ್ರೀನ್ಸ್ ಹೋಟೆಲ್‌ನಲ್ಲಿ ಆರಂಭಿಸಿದ ಬಜೆಟ್ ಉಪನ್ಯಾಸ, ಕೇಳುಗರು ಹೆಚ್ಚಿ ಹೆಚ್ಚಿ ಬ್ರೇಬೋರ್ನ್ ಕ್ರೀಡಾಂಗಣಕ್ಕೆ ಹೋಯಿತು. ಚೀಟಿ ಹಿಡಿಯದೆ ಅಂಕಿಗಳನ್ನು ಒಪ್ಪಿಸುತ್ತಿದ್ದರು. 1973–74ರಲ್ಲಿ ಆದಾಯ ತೆರಿಗೆಯ ಅತಿ ಮೇಲಿನ ದರ ಶೇ 97.75 ಇತ್ತು. ನೂರು ರೂಪಾಯಿ ಹೆಚ್ಚು ಗಳಿಸಿದರೆ ಕೈಗೆ ಉಳಿಯುವುದು ಎರಡೂಕಾಲು ರೂಪಾಯಿ. ಅದನ್ನು ಕ್ರೀಡಾಂಗಣದಲ್ಲಿ ನಿಂತು ಹೇಳಿದರೆ ಚಪ್ಪಾಳೆ ಬೀಳದಿರುತ್ತದೆಯೇ? ಆದರೆ ಅವರು ಓದುತ್ತಿದ್ದುದು ತೆರಿಗೆ ಕಟ್ಟುವವರ ಕಡೆಯ ವಾದವನ್ನು. ಸರ್ಕಾರದ ಖರ್ಚಿನಿಂದ ಯಾರ ಹಿತ್ತಲಿಗೆ ಏನು ಬಂತು ಎಂಬ ಇನ್ನೊಂದು ಪುಟವನ್ನು ಆ ಮಟ್ಟದ ಸೊಗಸಿನಲ್ಲಿ ಯಾರೂ ಓದಲಿಲ್ಲ ಎಂಬುದು ನಮ್ಮ ಅರ್ಥಶಾಸ್ತ್ರಜ್ಞರ ಸೋಲು ಎಂದೇ ನನ್ನ ಅನಿಸಿಕೆ.

1991ರಲ್ಲಿ ದೃಶ್ಯ ಬದಲಾಯಿತು. ಜುಲೈ 1 ಮತ್ತು 3ರಂದು ರೂಪಾಯಿಯ ಮೌಲ್ಯ ಇಳಿಸಲಾಯಿತು. 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಕಡತದ ಸುದ್ದಿಗೆ ಬೆಲೆ ಇಳಿದು ವಿನಿಮಯ ದರ, ಬಡ್ಡಿ, ಆಮದು ಸುಂಕಗಳ ಸುದ್ದಿಗೆ ಬೆಲೆ ಬಂತು. ಬ್ಯಾಂಕುಗಳು, ರೇಟಿಂಗ್ ಸಂಸ್ಥೆಗಳು, ಉದ್ಯಮ ಸಮೂಹಗಳು ಮುಖ್ಯ ಅರ್ಥಶಾಸ್ತ್ರಜ್ಞ ಎಂಬ ಹುದ್ದೆ ತೆರೆದವು. ಕ್ರಿಸಿಲ್‌ನಲ್ಲಿ ಆ ಹುದ್ದೆಯಲ್ಲಿದ್ದ ಸುಬೀರ್ ಗೋಕರ್ಣ್ 2009ರಲ್ಲಿ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆದರು.

ಈ ಹುದ್ದೆಯವರು ಇಂದು ಮಾಡಬೇಕಾದ ಕೆಲಸ ಏನೆಂಬುದಕ್ಕೆ ಒಂದು ಉದಾಹರಣೆ ಸಾಕು. 2019ರ ಅಕ್ಟೋಬರ್ 1ರಿಂದ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ಬಡ್ಡಿಯ ಸಾಲಗಳನ್ನು ಬ್ಯಾಂಕುಗಳಿಗೆ ತಾನು ಸಾಲ ಕೊಡುವ ರೆಪೊ ದರದಂಥ ಹೊರಗಿನ ದರವೊಂದಕ್ಕೆ ಕಟ್ಟಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿತು. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಏರಿತು. ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರೊಬ್ಬರಿಗೆ ಅಂಥ 1 ಕೋಟಿ ಸಾಲವಿದ್ದರೆ ವರ್ಷಕ್ಕೆ ಎರಡೂವರೆ ಲಕ್ಷ ಹೆಚ್ಚುವರಿ ಬಡ್ಡಿ. ಹಣದುಬ್ಬರವನ್ನು ಶೇ 4ರ ಗುರಿಗೆ ತರಲು ಮುಂಬೈಯಲ್ಲಿ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯ ಆರು ಮಂದಿ ಕೈಗೊಂಡ ನಿರ್ಧಾರಕ್ಕೂ ಮಗ್ಗದ ಮನೆಯ ಖರ್ಚಿಗೂ ಇರುವ ನಂಟನ್ನು ಅವರ ಬ್ಯಾಂಕಿನವರೇ ಕೂರಿಸಿ ಹೇಳಬೇಕಿತ್ತು. ಬಹುತೇಕರಿಗೆ ತಲುಪಿದ್ದು ಒಂದು ಎಸ್ಸೆಮ್ಮೆಸ್.

ಇನ್ನೊಂದು ತೊಡಕು, ಸಂಬಳ ಕೊಡುವವರು ಯಾರು ಎಂಬುದು. ಬಡ್ಡಿ ಇಳಿದರೆ ಬೆಲೆ ಏರುವ ಬಾಂಡುಗಳಲ್ಲಿ ಹಣ ಹೂಡಿರುವ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಬಡ್ಡಿ ಇಳಿಯಬೇಕು ಎನ್ನುವಾಗ ಅದು ವಿಶ್ಲೇಷಣೆಯೋ ಹಂಬಲವೋ ಎಂದು ಕೇಳುಗರು ತಾವೇ ತೂಗಿ ನೋಡಬೇಕು. ಸರ್ಕಾರದ ಬಜೆಟ್ ಬಗ್ಗೆ ಉದ್ಯಮಿಗಳ ಸಭೆಯಲ್ಲಿ ಬೀಳುವ ಅಂಕಗಳು ಹತ್ತಕ್ಕೆ ಎಂಟರ ಕೆಳಗೆ ಇಳಿಯುವುದು ಅಪರೂಪ.

ಕೈಯಲ್ಲಿರುವ ಅಂಕಿಗಳಿಗೂ ಮಿತಿಯಿದೆ. 2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಜಿಡಿಪಿ ಶೇ 23.9ರಷ್ಟು ಕುಗ್ಗಿತೆಂದು ಮೊದಲ ಅಂದಾಜು ಹೇಳಿತು. ಅಂಥ ಆರಂಭಿಕ ಅಂದಾಜುಗಳಲ್ಲಿ ಚಿಲ್ಲರೆ ಅಂಗಡಿ, ವರ್ಕ್‌ಶಾಪ್‌ಗಳ ಪಾಡನ್ನು ಬಹುಮಟ್ಟಿಗೆ ದೊಡ್ಡ ಕಂಪನಿಗಳ ಲೆಕ್ಕದಿಂದಲೇ ಊಹಿಸಲಾಗುತ್ತಿತ್ತು. ದೊಡ್ಡವರು ಚೇತರಿಸಿ ಸಣ್ಣವರು ಬಾಗಿಲು ಹಾಕಿದ ವರ್ಷದಲ್ಲಿ ಆ ಊಹೆ ಎಷ್ಟು ನಿಲ್ಲುತ್ತದೆ? 2023–24ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕೃಷಿಯೇತರ ಅಸಂಘಟಿತ ಉದ್ದಿಮೆಗಳು 7.34 ಕೋಟಿ. ಯಾವ ಮುಖ್ಯ ಅರ್ಥಶಾಸ್ತ್ರಜ್ಞರ ಚಂದಾದಾರರ ಪಟ್ಟಿಯಲ್ಲೂ ಅವರಿಲ್ಲ. ಕನ್ನಡದಲ್ಲಂತೂ ಬಜೆಟ್ ಮರುದಿನ ಆಡಿಟರುಗಳು ತೆರಿಗೆ ಹಂತಗಳನ್ನು ಚೆನ್ನಾಗಿ ವಿವರಿಸುತ್ತಾರೆ. ಹಣಕಾಸು ನೀತಿ, ವಿನಿಮಯ ದರಗಳ ಮಾತು ಬಂದರೆ ಸಭೆ ಇಂಗ್ಲಿಷಿಗೆ ಹೊರಳುತ್ತದೆ.

ಇದಕ್ಕೆ ಅಪವಾದ ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ಸಿಗುತ್ತದೆ. ಕಾಫಿ ಮಂಡಳಿಯೇ ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುವ ಪದ್ಧತಿ 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಹೋಯಿತು. ಅಲ್ಲಿಂದ ಬೆಳೆಗಾರರೇ ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್ ಎಂದು ಬೆಲೆ ನೋಡಬೇಕಾಯಿತು. 2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಕಡುಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಸುಟ್ಟಾಗ ಇಲ್ಲಿನ ಪಾರ್ಚ್‌ಮೆಂಟ್ ಕಾಫಿ ಮೂಟೆಯ ಬೆಲೆ ಏಕೆ ಏರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬ್ರೆಜಿಲ್‌ನ ರಿಯಾಲ್ ಕುಸಿದರೆ ಅಲ್ಲಿನ ಬೆಳೆಗಾರನಿಗೆ ಡಾಲರಿಗೆ ಹೆಚ್ಚು ರಿಯಾಲ್ ಸಿಗುತ್ತದೆ, ಅವನು ಕಾಫಿಯನ್ನು ಪೇಟೆಗೆ ಬಿಡುತ್ತಾನೆ, ನ್ಯೂಯಾರ್ಕ್ ಇಳಿಯುತ್ತದೆ. ಅದೇ ವೇಳೆ ರೂಪಾಯಿಯೂ ಕುಸಿದರೆ ನಮಗೆ ನಷ್ಟ ಅಷ್ಟಾಗಿ ತಟ್ಟದು. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಜಗಲಿಯಲ್ಲಿ ಇಂಥ ಮಾತು ಕನ್ನಡದಲ್ಲೇ ನಡೆಯುತ್ತದೆ, ಯಾರಿಗೂ ಫೀಸು ಕೊಡದೆ. ಈಗ ಮಾರಲೇ, ಇಟ್ಟುಕೊಳ್ಳಲೇ ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಲವರು ಅರ್ಧ ಮಾರಿ ಅರ್ಧ ಇಟ್ಟುಕೊಳ್ಳುತ್ತಾರೆ.