ಬಲಿ ಮತ್ತು ಪ್ರಾಯಶ್ಚಿತ್ತ: 1799ರ ನಂತರದ ಶ್ರೀರಂಗಪಟ್ಟಣದ ಕ್ರೈಸ್ತರು

ಕ್ರೈಸ್ತ ಧರ್ಮದಲ್ಲಿ ಬಲಿಯೆಂದರೆ ಮೂಲತಃ ಯೇಸುಕ್ರಿಸ್ತನು ಶಿಲುಬೆಯ ಮೇಲೆ ಅರ್ಪಿಸಿದ ಆತ್ಮಬಲಿ. ಮನುಕುಲದ ಪಾಪಕ್ಕೆ ಅದು ಒಮ್ಮೆಗೇ ಸಂದ ಪರಿಹಾರ. ಮತ್ತೊಂದು ಬಲಿ ಅಗತ್ಯವಿಲ್ಲವೆಂಬುದು ಹೊಸ ಒಡಂಬಡಿಕೆಯ ಇಬ್ರಿಯರ ಪತ್ರದ ನಿಲುವು. ಹೀಗಿರುವಾಗ ಭಕ್ತನು ಸಂಕಟಕಾಲದಲ್ಲಿ ತನ್ನ ಪ್ರಾಣವನ್ನೂ ಕೊಡಬೇಕೆ? ಕೊಡಲಾಗದೆ ಸೋತವನಿಗೆ ಮರಳುವ ದಾರಿಯುಂಟೆ? ಶ್ರೀರಂಗಪಟ್ಟಣದಲ್ಲಿ ಈ ಪ್ರಶ್ನೆಗಳನ್ನು ಸಾವಿರಾರು ಜನರು ಬದುಕಿನಲ್ಲಿಯೇ ಎದುರಿಸಬೇಕಾಯಿತು.

ಈ ಊರಿಗೆ ಕ್ರೈಸ್ತ ಧರ್ಮ ಹೊಸದಾಗಿರಲಿಲ್ಲ. ಹದಿನೇಳನೆಯ ಶತಮಾನದ ನಡುವಿನಲ್ಲಿಯೇ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಇಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದ್ದರು. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಇಲ್ಲಿಗೆ ತರಿಸಿದನು. ಅವರ ಸಂಖ್ಯೆಯ ಬಗ್ಗೆ ಆಕರಗಳಲ್ಲಿ ಏಕಾಭಿಪ್ರಾಯವಿಲ್ಲ. ಅಬ್ಬೆ ದುಬ್ವಾ 60,000ಕ್ಕೂ ಹೆಚ್ಚೆನ್ನುತ್ತಾರೆ. ಬಹುಮಂದಿ ಬಲವಂತದ ಮತಾಂತರಕ್ಕೆ ಒಳಗಾದರು.

1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ, ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಪಾದ್ರಿ ದುಬ್ವಾ ಚದುರಿದ ಸಭೆಯನ್ನು ಕೂಡಿಸಲು ಬಂದರು. ತಮ್ಮ ಧರ್ಮತ್ಯಾಗ ಹೊರಗಿನದು ಮಾತ್ರ, ಕ್ರಿಸ್ತನ ಮೇಲಿನ ವಿಶ್ವಾಸ ಅಂತರಂಗದಲ್ಲಿ ಉಳಿದೇ ಇತ್ತು ಎಂದು ಸೆರೆಯವರು ಹೇಳಿಕೊಂಡರು. ಸುಮಾರು 2,000 ಮಂದಿ ದುಬ್ವಾ ಅವರ ಬಳಿಗೆ ಬಂದರು. ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಮರಳಿ ತಮ್ಮ ಪ್ರಾರ್ಥನಾಲಯಗಳನ್ನು ಮತ್ತೆ ಕಟ್ಟಿಕೊಂಡರು. ಈ ಅಂಕಿಗಳೂ ದುಬ್ವಾ ಕೊಟ್ಟವೇ.

ಸೆರೆಯವರ ಈ ಮಾತನ್ನು ಬರಿಯ ನೆಪವೆಂದು ತಳ್ಳಿಹಾಕುವುದು ಸರಿಯಲ್ಲ. 1551ರಲ್ಲಿ ಟ್ರೆಂಟ್ ಮಹಾಸಭೆಯು ಪ್ರಾಯಶ್ಚಿತ್ತಕ್ಕೆ ಪಶ್ಚಾತ್ತಾಪ, ಪಾಪನಿವೇದನೆ, ಪರಿಹಾರಕ್ರಿಯೆ ಎಂಬ ಮೂರು ಅಂಗಗಳನ್ನು ಹೇಳಿತ್ತು. ಪಾಪಕ್ಷಮೆಯ ಮಾತನ್ನು ಪಾದ್ರಿಯೇ ಆಡಬೇಕು. ಆದರೆ ಸಂಸ್ಕಾರದ ಹಂಬಲದಿಂದ ಕೂಡಿದ ಪರಿಪೂರ್ಣ ಪಶ್ಚಾತ್ತಾಪವು ಸಂಸ್ಕಾರ ದೊರೆಯುವ ಮುನ್ನವೇ ದೇವರೊಡನೆ ಸಂಧಾನ ಮಾಡಿಸಬಲ್ಲದೆಂದೂ ಅದೇ ಸಭೆ ಒಪ್ಪಿತ್ತು. ಹದಿನೈದು ವರ್ಷಗಳ ಸೆರೆಯಲ್ಲಿದ್ದವರಿಗೆ ಈ ಒಂದು ಕಂಡಿ ಎಷ್ಟು ದೊಡ್ಡದೆಂಬುದನ್ನು ಊಹಿಸಬಹುದು. ಪ್ರಶ್ನೆಯೂ ಹಳೆಯದೇ. ಕ್ರಿ.ಶ. 250ರಲ್ಲಿ ಡೀಸಿಯಸ್ ಚಕ್ರವರ್ತಿಯ ಆಜ್ಞೆಗೆ ಮಣಿದು ರೋಮನ್ ದೇವತೆಗಳಿಗೆ ಬಲಿಯರ್ಪಿಸಿದ್ದ ಕ್ರೈಸ್ತರನ್ನು ಮತ್ತೆ ಸೇರಿಸಿಕೊಳ್ಳಲೇಬಾರದೆಂದು ನೊವೇಶಿಯನ್ ಹಟಹಿಡಿದನು. ಕಾರ್ತೇಜಿನ ಬಿಷಪ್ ಸಿಪ್ರಿಯನ್ ಪ್ರಾಯಶ್ಚಿತ್ತದ ದಾರಿಯನ್ನು ತೆರೆದಿಟ್ಟನು. ಸಭೆ ಒಪ್ಪಿದ್ದು ಎರಡನೆಯದನ್ನು. ಯೇಸುವನ್ನು ಅರಿಯೆನೆಂದು ಮೂರು ಬಾರಿ ಹೇಳಿದ ಪೇತ್ರನೇ ಸಭೆಯ ಮುಖ್ಯಸ್ಥನಾದನಷ್ಟೆ.

ದುಬ್ವಾ ನಡೆದುಕೊಂಡದ್ದು ಸಿಪ್ರಿಯನ್ನನ ದಾರಿಯಲ್ಲಿ. ಬರೆದದ್ದು ಬೇರೆ ಧಾಟಿಯಲ್ಲಿ. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು, ಅಷ್ಟು ಸಾವಿರ ಜನರಲ್ಲಿ ಒಬ್ಬನೂ ರಕ್ತಸಾಕ್ಷಿಯಾಗಲಿಲ್ಲವೆಂದು ನಾಚುತ್ತಾರೆ, ಅಂತಹುದೇ ಪರೀಕ್ಷೆ ಮತ್ತೆ ಬಂದರೆ ಫಲವೂ ಅದೇ ಎಂದು ಹೆದರುತ್ತಾರೆ. ಈ ತೀರ್ಪನ್ನು ಹಾಗೆಯೇ ಒಪ್ಪಲಾಗದು. ಶ್ರೀರಂಗಪಟ್ಟಣದಲ್ಲಿ ತಾನೂ ಸೆರೆಯಾಗಿದ್ದ ಜೇಮ್ಸ್ ಸ್ಕರಿಯ ವೃತ್ತಾಂತ 1824ರಲ್ಲಿ ಅಚ್ಚಾಯಿತು. ಹೆಣ್ಣುಮಕ್ಕಳನ್ನು ಜನಾನಕ್ಕೆ ಒಪ್ಪಿಸಲು ನಿರಾಕರಿಸಿದ ಕೆನರಾ ಕ್ರೈಸ್ತರ ಮೂಗು, ಕಿವಿ, ಮೇಲ್ದುಟಿಗಳನ್ನು ಕೊಯ್ದರೆಂದು ಅದು ಹೇಳುತ್ತದೆ. ಅದೂ ಒಬ್ಬ ಇಂಗ್ಲಿಷ್ ಸೆರೆಯಾಳಿನ ಬರವಣಿಗೆ, ಎಚ್ಚರದಿಂದಲೇ ಓದತಕ್ಕದ್ದು. ಆದರೂ ಎಲ್ಲರೂ ಪ್ರತಿರೋಧವಿಲ್ಲದೆ ಮಣಿದರೆಂಬ ದುಬ್ವಾ ಅವರ ಚಿತ್ರಕ್ಕೆ ಅದು ಹೊಂದುವುದಿಲ್ಲ. ಪ್ರಾಣ ಕೊಟ್ಟವರನ್ನಷ್ಟೇ ಎಣಿಸುವ ಲೆಕ್ಕದಲ್ಲಿ ಇಂತಹವರಿಗೆ ಸ್ಥಳ ಸಿಗಲಿಲ್ಲ. ಅದೇ 1823ರಲ್ಲಿ ದುಬ್ವಾ ಭಾರತವನ್ನು ಬಿಟ್ಟು ಫ್ರಾನ್ಸಿಗೆ ಮರಳಿದರು. ಅವರ ಹೆಸರಿನಿಂದ ಕರೆಯಲಾಗುವ ಚರ್ಚು ಶ್ರೀರಂಗಪಟ್ಟಣದಲ್ಲಿ ಇಂದಿಗೂ ಇದೆ.