ಇನ್ನೊಂದು ದುಂಡುಮೇಜು: ಬಾಲಚರ ನಾಯಕರ ಮಾಸಿಕ ಕೂಟ

ದುಂಡುಮೇಜಿನ ಪರಿಷತ್ತು ಎಂದೊಡನೆ ನಮ್ಮ ನೆನಪಿಗೆ ಬರುವುದು 1930ರಿಂದ 1932ರವರೆಗೆ ಲಂಡನ್ನಿನಲ್ಲಿ ಮೂರು ಸಲ ನೆರೆದ ರಾಜಕೀಯ ಸಭೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಅದರಲ್ಲಿ ಭಾಗವಹಿಸಿದ್ದರು. 1931ರಲ್ಲಿ ಗಾಂಧೀಜಿಯವರು ಹೋಗಿ ಬರಿಗೈಯಲ್ಲಿ ಮರಳಿದರು. ಅದೇ ಹೆಸರಿನ ಇನ್ನೊಂದು ಸಭೆಯುಂಟು. ಅದರ ಸುದ್ದಿ ಯಾವ ವೃತ್ತಪತ್ರಿಕೆಯ ಮೊದಲ ಪುಟಕ್ಕೂ ಬಂದುದಲ್ಲ. ಅಮೆರಿಕದ ಊರುಗಳಲ್ಲಿ ತಿಂಗಳಿಗೊಮ್ಮೆ, ದಿನದ ದುಡಿಮೆ ಮುಗಿದ ಮೇಲೆ, ಶಾಲೆಯ ಕೊಠಡಿಯಲ್ಲೋ ಚರ್ಚಿನ ಸಭಾಂಗಣದಲ್ಲೋ ಬಾಲಚರ ದಳಗಳನ್ನು ನಡೆಸುವ ಹಿರಿಯರು ಸೇರುವ ಕೂಟಕ್ಕೂ ದುಂಡುಮೇಜು ಎಂದೇ ಹೆಸರು. ಸಂಬಳವಿಲ್ಲದ ಕೆಲಸವನ್ನು ವರ್ಷಾನುಗಟ್ಟಲೆ ಮಾಡಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಈ ಕೂಟದ ಹಿಂದಿದೆ. ಸಂಘಗಳನ್ನು ಕಟ್ಟಿ ನಡೆಸುವ ನಮಗೂ ಅದು ಹೊರಗಿನ ಪ್ರಶ್ನೆಯಲ್ಲ.

ಸ್ಕೌಟ್ ಚಳುವಳಿಯ ಆರಂಭದಲ್ಲಿ ಒಂದು ವಿಚಿತ್ರವಿದೆ. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರೊಡನೆ ಪ್ರಾಯೋಗಿಕ ಶಿಬಿರವನ್ನು ನಡೆಸಿದರು. 1908ರಲ್ಲಿ ಅವರ 'ಸ್ಕೌಟಿಂಗ್ ಫಾರ್ ಬಾಯ್ಸ್' ಗ್ರಂಥ ಬಿಡಿಬಿಡಿ ಸಂಚಿಕೆಗಳಾಗಿ ಹೊರಬಂದಿತು. ಅದನ್ನು ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಾವೇ ತಂಡ ಕಟ್ಟಿಕೊಂಡು, ಅನಂತರ ತಮಗೊಬ್ಬ ನಾಯಕನನ್ನು ಹುಡುಕಿಕೊಂಡು ಹೊರಟರು. ಹೀಗೆ ಶಿಷ್ಯರು ಮೊದಲು ಸಿದ್ಧರಾದರು. ಗುರುಗಳು ಹಿಂದಿನಿಂದ ಬಂದರು. ಗುಮಾಸ್ತ, ಪಾದ್ರಿ, ಉಪಾಧ್ಯಾಯ, ಅಂಗಡಿಯವ, ಹೀಗೆ ಸಿಕ್ಕಿದವನೇ ಸ್ಕೌಟ್ ಮಾಸ್ಟರನಾದನು. ಅವನಿಗೆ ಉತ್ಸಾಹವಿತ್ತು, ಆದರೆ ವಿದ್ಯೆಯಿರಲಿಲ್ಲ.

ಈ ಕೊರತೆಯನ್ನು ತುಂಬಲು ಮೊದಲು ಪತ್ರಿಕೆಯನ್ನೂ ಅನಂತರ ಶಿಬಿರವನ್ನೂ ಆಶ್ರಯಿಸಿದರು. 1909ರಲ್ಲಿ ನಾಯಕರಿಗಾಗಿ 'ಹೆಡ್‌ಕ್ವಾರ್ಟರ್ಸ್ ಗೆಜೆಟ್' ಎಂಬ ಮಾಸಪತ್ರಿಕೆ ಹೊರಟಿತು. ಮೊದಲ ಮಹಾಯುದ್ಧದಲ್ಲಿ ಅನೇಕ ನಾಯಕರು ರಣರಂಗಕ್ಕೆ ಹೋದಾಗ ಹದಿಹರೆಯದ ಹುಡುಗರೇ ದಳಗಳನ್ನು ಉಳಿಸಿಕೊಂಡರು. ಯುದ್ಧ ಮುಗಿದ ಮೇಲೆ, 1919ರಲ್ಲಿ, ಮ್ಯಾಕ್ಲಾರೆನ್ ಎಂಬ ಸ್ಕಾಟ್ಲೆಂಡಿನ ದಾನಿಯ ನೆರವಿನಿಂದ ಲಂಡನ್ನಿನ ಬಳಿ ಗಿಲ್‌ವೆಲ್ ಪಾರ್ಕನ್ನು ಕೊಂಡು, ಅದೇ ಸಪ್ಟೆಂಬರಿನಲ್ಲಿ ನಾಯಕರ ಮೊದಲ ತರಬೇತಿಯನ್ನು ನಡೆಸಿದರು. ತೇರ್ಗಡೆಯಾದವರಿಗೆ ಎರಡು ಮರದ ಮಣಿಗಳನ್ನು ಕೊಡುವ 'ವುಡ್ ಬ್ಯಾಜ್' ಪದ್ಧತಿಯ ಮೂಲ ಇದೇ.

ಆದರೆ ಶಿಬಿರವೆಂಬುದು ಒಮ್ಮೆ ಬರುವ ಮಳೆ. ಪೈರಿಗೆ ಬೇಕಾದುದು ಆಗಾಗ ಹಾಯಿಸುವ ನೀರು. ಶಿಬಿರದಿಂದ ಮರಳಿದ ನಾಯಕನಿಗೆ ಮುಂದಿನ ವಾರವೇ ಹುಡುಗರು ಎದುರಾಗುತ್ತಾರೆ. ಮಳೆ ಬಂದು ಹೊರಸಂಚಾರ ನಿಂತರೆ ಏನು ಮಾಡಬೇಕು? ಮೂವರು ಹುಡುಗರು ಬರುವುದನ್ನು ಬಿಟ್ಟರೆ ಅವರ ಮನೆಗೆ ಹೋಗಬೇಕೇ, ಸುಮ್ಮನಿರಬೇಕೇ? ಇಂತಹ ಪ್ರಶ್ನೆಗಳಿಗೆ ಕೈಪಿಡಿಯಲ್ಲಿ ಉತ್ತರ ಸಿಕ್ಕದು. ಪಕ್ಕದ ಬೀದಿಯ ಇನ್ನೊಬ್ಬ ನಾಯಕನ ಬಳಿ ಸಿಕ್ಕೀತು. ಆ ಇಬ್ಬರನ್ನು ಒಂದೆಡೆ ಕೂರಿಸುವುದೇ ಮಾಸಿಕ ಕೂಟದ ತತ್ತ್ವ.

ಅಮೆರಿಕದಲ್ಲಿ ಈ ತತ್ತ್ವಕ್ಕೆ ಒಂದು ವ್ಯವಸ್ಥೆಯ ಬಲ ದೊರೆಯಿತು. ಅಲ್ಲಿಯ ಬಾಲಚರ ಸಂಸ್ಥೆ 1910ರ ಫೆಬ್ರವರಿ 8ರಂದು ಸ್ಥಾಪಿತವಾಯಿತು. ಜೇಮ್ಸ್ ವೆಸ್ಟ್ ಅವರು 1911ರಿಂದ 1943ರವರೆಗೆ ಅದರ ಆಡಳಿತವನ್ನು ರೂಪಿಸಿದರು. ದಳಗಳನ್ನು ಚರ್ಚು, ಶಾಲೆ, ನಾಗರಿಕ ಸಂಘಗಳು ಆಶ್ರಯಿಸಿ ನಡೆಸುತ್ತವೆ. ಹಲವು ದಳಗಳು ಸೇರಿ ಒಂದು ಜಿಲ್ಲೆ. ಜಿಲ್ಲೆಯ ದಳಗಳ ಯೋಗಕ್ಷೇಮವನ್ನು ನೋಡಲು ಕಮಿಷನರರೆಂಬ ಸಂಬಳವಿಲ್ಲದ ಹಿರಿಯರು. ಇವರಲ್ಲಿ ಒಬ್ಬರ ಪಾಲಿನ ಹೊಣೆಯೇ ದುಂಡುಮೇಜಿನ ಕೂಟ. 1913ರಲ್ಲಿ ಆರಂಭವಾದ 'ಸ್ಕೌಟಿಂಗ್' ಪತ್ರಿಕೆ ನಾಯಕರಿಗೆ ದೂರದಿಂದ ಹೇಳಿದುದನ್ನು ಈ ಕೂಟ ಕಣ್ಣೆದುರಿಗೆ ಮಾಡಿ ತೋರಿಸಿತು.

ಕೂಟದ ಕ್ರಮ ಸರಳ. ಬೇಗ ಬಂದವರಿಗೆ ಒಂದು ಆಟ ಅಥವಾ ಕೈಕೆಲಸ, ಅನಂತರ ಧ್ವಜವಂದನೆ, ಜಿಲ್ಲೆಯ ಸುದ್ದಿ, ಬಳಿಕ ಎಳೆಯ ಮಕ್ಕಳ ನಾಯಕರೂ ದೊಡ್ಡ ಹುಡುಗರ ನಾಯಕರೂ ಬೇರೆಬೇರೆ ಕುಳಿತು ಮುಂದಿನ ತಿಂಗಳ ಕಾರ್ಯಕ್ರಮವನ್ನು ಚರ್ಚಿಸುವುದು. ಹುಡುಗರಿಗೆ ಕಲಿಸಬೇಕಾದ ಗಂಟನ್ನು ಮೊದಲು ತಾವೇ ಹಾಕಿ ನೋಡುತ್ತಾರೆ. ಆಡಿಸಬೇಕಾದ ಆಟವನ್ನು ತಾವೇ ಆಡುತ್ತಾರೆ. ಕೊನೆಗೆ ಕಮಿಷನರರ ಒಂದೆರಡು ನಿಮಿಷದ ಹಿತವಚನ. ಸಭೆ ಮುಗಿದ ಮೇಲೆ ಕಾಫಿಯ ಬಟ್ಟಲು ಹಿಡಿದು ನಿಂತು ಆಡುವ ಮಾತನ್ನು ಕಾರ್ಯಸೂಚಿಯಲ್ಲಿ ಯಾರೂ ಬರೆಯುವುದಿಲ್ಲ. ಆದರೂ ಬಿಟ್ಟುಬಿಡೋಣವೆಂದು ಬಂದವನನ್ನು ಇನ್ನೊಂದು ವರ್ಷ ನಿಲ್ಲಿಸುವ ಶಕ್ತಿ ಅಂತಹ ಮಾತಿಗುಂಟು.

ಈ ಕೂಟದ ಮಹತ್ವವನ್ನು ಹೇಳುವಾಗ ಅದರ ಮಿತಿಯನ್ನು ಮರೆಮಾಚುವುದು ಇತಿಹಾಸಕ್ಕೆ ಸಲ್ಲದು. ದಳನಾಯಕತ್ವದ ಎಲ್ಲ ಸ್ಥಾನಗಳೂ ಮಹಿಳೆಯರಿಗೆ ತೆರೆದುದು 1988ರಲ್ಲಿ ಮಾತ್ರ. ಅದಕ್ಕಿಂತ ಘೋರವಾದುದು ಇನ್ನೊಂದು. ನಾಯಕರಾಗಿ ಬಂದವರಲ್ಲಿ ಕೆಲವರು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವೆಸಗಿದರು. ಅಂತಹವರ ಕಡತಗಳನ್ನು ಸಂಸ್ಥೆ ದಶಕಗಳ ಕಾಲ ಗುಟ್ಟಾಗಿ ಇಟ್ಟುಕೊಂಡಿತ್ತು. 2020ರ ಫೆಬ್ರವರಿಯಲ್ಲಿ ಅದು ದಿವಾಳಿ ನ್ಯಾಯಾಲಯದ ಮೊರೆ ಹೊಕ್ಕಾಗ 82,000ಕ್ಕೂ ಹೆಚ್ಚು ಮಂದಿ ತಮಗಾದ ಅನ್ಯಾಯವನ್ನು ದಾಖಲಿಸಿದರು. ಪರಿಹಾರನಿಧಿ 246 ಕೋಟಿ ಡಾಲರುಗಳಷ್ಟೆಂದು ನಿಶ್ಚಯವಾಯಿತು. ಸಂಸ್ಥೆಯ ಹೆಸರೇ 2025ರಲ್ಲಿ 'ಸ್ಕೌಟಿಂಗ್ ಅಮೆರಿಕ' ಎಂದು ಬದಲಾಯಿತು. ಸ್ನೇಹಪರವಾದ ಮಾಸಿಕ ಕೂಟಗಳಿದ್ದೂ ಇದು ನಡೆಯಿತಲ್ಲವೇ ಎಂದು ಕೇಳಿದರೆ, ಹೌದೆಂದೇ ಉತ್ತರ. ಒಬ್ಬರನ್ನೊಬ್ಬರು ನಂಬುವ ಸಭೆ ಒಬ್ಬರನ್ನೊಬ್ಬರು ಪ್ರಶ್ನಿಸುವ ಸಭೆಯೂ ಆಗಬೇಕು. ಮಕ್ಕಳೊಡನೆ ಯಾವ ಹಿರಿಯನೂ ಒಂಟಿಯಾಗಿರಕೂಡದೆಂಬ ನಿಯಮ ಬರಬೇಕಾದರೆ ಸಂಸ್ಥೆ 1980ರ ದಶಕವನ್ನು ಮುಟ್ಟಬೇಕಾಯಿತು. ಒಂಟಿ ನಾಯಕ ಸೋಲುತ್ತಾನೆಂಬ ಭಯವಷ್ಟೇ ಸಾಲದು. ಒಂಟಿ ನಾಯಕ ಕೆಡುಕನ್ನೂ ಮಾಡಬಲ್ಲನೆಂಬ ಎಚ್ಚರವೂ ಬೇಕೆಂಬುದನ್ನು ಆ ಸಂಸ್ಥೆ ಬಹಳ ಬೆಲೆ ತೆತ್ತು ಕಲಿಯಿತು. ಆ ಬೆಲೆಯನ್ನು ತೆತ್ತವರಲ್ಲಿ ಮೊದಲಿಗರು ಮಕ್ಕಳು.

ನಮ್ಮ ದೇಶದ ಮಾತು ಬೇರೆ ದಾರಿಯಲ್ಲಿ ಸಾಗಿತು. ಭಾರತದ ಮೊದಲ ಸ್ಕೌಟ್ ದಳವನ್ನು 1909ರಲ್ಲಿ ಕ್ಯಾಪ್ಟನ್ ಬೇಕರ್ ಕಟ್ಟಿದುದು ಬೆಂಗಳೂರಿನಲ್ಲಿಯೇ. ಆದರೆ ಅಂದಿನ ದಳಗಳಲ್ಲಿ ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಆದುದರಿಂದ ಆನಿ ಬೆಸೆಂಟರು ಮದರಾಸಿನಲ್ಲಿ, ಮದನಮೋಹನ ಮಾಳವೀಯರೂ ಹೃದಯನಾಥ ಕುಂಜ್ರೂ ಅವರೂ ಉತ್ತರದಲ್ಲಿ ಬೇರೆ ಸಂಸ್ಥೆಗಳನ್ನು ಕಟ್ಟಿದರು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಇವು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಒಂದೇ ಸಂಸ್ಥೆಯಾಗಿ ಸೇರಿದುವು. ಮರುವರ್ಷ ಗೈಡ್ ಸಂಸ್ಥೆಯೂ ಅದರಲ್ಲಿ ಕೂಡಿಕೊಂಡಿತು. ಇಲ್ಲಿ ದಳಗಳು ಬಹುಮಟ್ಟಿಗೆ ಶಾಲೆಗಳಿಗೆ ಸೇರಿದವು. ನಾಯಕರು ಬಹುಮಟ್ಟಿಗೆ ಉಪಾಧ್ಯಾಯರು. ಅಮೆರಿಕದ ನಾಯಕ ಸಾಮಾನ್ಯವಾಗಿ ದಳದ ಹುಡುಗನೊಬ್ಬನ ತಂದೆ ಅಥವಾ ತಾಯಿ. ಮಗ ಬೆಳೆದು ಹೊರಟಾಗ ಅವರೂ ಹೊರಡುವ ಸಂಭವ ಹೆಚ್ಚು. ಆದುದರಿಂದ ಕಲಿತುದನ್ನು ಬಿಟ್ಟುಹೋಗುವವರಿಂದ ಹೊಸಬರಿಗೆ ದಾಟಿಸುವ ಸೇತುವೆಯಾಗಿ ಮಾಸಿಕ ಕೂಟ ಅಲ್ಲಿ ಅನಿವಾರ್ಯವಾಯಿತು. ನಮ್ಮಲ್ಲಿ ಆ ಭಾರವನ್ನು ಬಹಳಮಟ್ಟಿಗೆ ಶಾಲೆಯೂ ತರಬೇತಿ ಶಿಬಿರಗಳೂ ಹೊತ್ತುವು.

ಊರು ಬಿಟ್ಟು ಬಂದ ನಾವು ಪರಸ್ಥಳದಲ್ಲಿ ಸಂಘ, ವಾಚನಾಲಯ, ಕನ್ನಡ ತರಗತಿಗಳನ್ನು ನಡೆಸುತ್ತಿರುವುದೂ ಸಂಬಳವಿಲ್ಲದ ಕೈಗಳಿಂದಲೇ. ನಮ್ಮ ವಾರ್ಷಿಕೋತ್ಸವಗಳಿಗೆ ಅಧ್ಯಕ್ಷರೂ ಹಾರಗಳೂ ಸಿಕ್ಕುತ್ತವೆ. ಭಾನುವಾರದ ಮಕ್ಕಳ ತರಗತಿಯನ್ನು ಒಬ್ಬರೇ ನಡೆಸುತ್ತಿರುವವರೊಡನೆ ತಿಂಗಳಿಗೊಮ್ಮೆ ಕುಳಿತು 'ಹೇಗೆ ನಡೆದಿದೆ?' ಎಂದು ಕೇಳುವವರು ಎಷ್ಟು ಮಂದಿ? ಆ ಪ್ರಶ್ನೆಯಲ್ಲಿ ನೆರವೂ ಇದೆ, ಕಾವಲೂ ಇದೆ. ಆ ಇನ್ನೊಂದು ದುಂಡುಮೇಜಿನ ಇತಿಹಾಸದಿಂದ ನಾವು ಪಡೆಯಬಹುದಾದುದು ಇಷ್ಟು. ಇದು ಅಲ್ಪವೆಂದು ನನಗೆ ತೋರುವುದಿಲ್ಲ.