ಸವಣೂರು ಸೀಮೆಯ ಹಜ್ ಯಾತ್ರಿಕರೂ ಮುಂಬಯಿಯ ಹಡಗು ದಲಾಲರೂ

೧

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳು ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದು, ೧೯೯೭ರಿಂದ ಹಾವೇರಿ ಜಿಲ್ಲೆಯಲ್ಲಿವೆ. ಈ ಸೀಮೆಯ ಇತಿಹಾಸವೆಂದೊಡನೆ ಹಾನಗಲ್ಲಿನ ಕದಂಬರು, ಬಂಕಾಪುರದ ಕೋಟೆ, ಸವಣೂರಿನ ನವಾಬರು ಇವರ ನೆನಪಾಗುವುದು ಸಹಜ. ಅರಸರ ದಂಡಯಾತ್ರೆಗಳನ್ನು ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಸಾಮಾನ್ಯ ಪ್ರಜೆ ಕೈಗೊಂಡ ದೂರಯಾತ್ರೆಗಳ ವಿಚಾರ ಮಾತ್ರ ಅಷ್ಟಾಗಿ ನಡೆದಿಲ್ಲ. ಕಡಲನ್ನೇ ಕಾಣದ ಈ ಒಳನಾಡಿನ ರೈತನೋ ವ್ಯಾಪಾರಿಯೋ ತನ್ನ ಆಯುಷ್ಯದ ಉಳಿತಾಯವನ್ನು ಸೊಂಟಕ್ಕೆ ಕಟ್ಟಿಕೊಂಡು ಜಿದ್ದಾ ಬಂದರಕ್ಕೆ ಹೊರಟಾಗ, ಹಡಗಿನ ಟಿಕೆಟನ್ನು ಯಾರಿಂದ ಕೊಳ್ಳುವುದು ಎಂಬುದು ಅವನಿಗೆ ಸಣ್ಣ ಪ್ರಶ್ನೆಯಾಗಿರಲಿಲ್ಲ. ಹಡಗಿನ ಕಂಪನಿಯಿಂದ ನೇರವಾಗಿ ಕೊಳ್ಳಬೇಕೆ, ದಲಾಲನ ಮೂಲಕ ಕೊಳ್ಳಬೇಕೆ ಎಂಬ ಈ ಒಂದು ಪ್ರಶ್ನೆಯನ್ನು ಹಿಡಿದು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈಚಿನ ಹಜ್ ಯಾತ್ರೆಯ ವ್ಯವಸ್ಥೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೨

ಮೊದಲು ಈ ಸೀಮೆಯ ಆಡಳಿತದ ಚಿತ್ರವನ್ನು ನೆನೆಯುವುದು ಅವಶ್ಯ. ಆಂಗ್ಲರ ಕಾಲದಲ್ಲಿ ಹಾನಗಲ್ಲು ತಾಲೂಕು ಅದೇ ಹೆಸರಿನಿಂದಿತ್ತು. ಶಿಗ್ಗಾಂವಿಯು ಬಂಕಾಪುರ ತಾಲೂಕಿನ, ಹಿರೇಕೆರೂರು ಕೋಡ ತಾಲೂಕಿನ ಕಚೇರಿಯ ಊರುಗಳಾಗಿದ್ದುವು. ಇವು ಮೂರೂ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದುವು. ಸವಣೂರು ಮಾತ್ರ ಪ್ರತ್ಯೇಕ ಸಂಸ್ಥಾನವಾಗಿದ್ದು, ಧಾರವಾಡದ ಕಲೆಕ್ಟರರೇ ಅದಕ್ಕೆ ಪೊಲಿಟಿಕಲ್ ಏಜೆಂಟರಾಗಿದ್ದರು. ೧೯೪೮ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸವಣೂರಿನ ನವಾಬರ ಮನೆತನವು ವಿಜಾಪುರದ ಆದಿಲಶಾಹಿಯ ಆಶ್ರಯದಲ್ಲಿ ಬೆಳೆದುದು. ಆ ಆದಿಲಶಾಹಿಯ ಕಾಲದಲ್ಲಿ ಕೆಂಪು ಸಮುದ್ರದ ಕಡೆಗೆ ಹೋಗುವ ಯಾತ್ರಿಕರಿಗೆ ದಾಭೋಳವು ಮುಖ್ಯ ಬಂದರವಾಗಿತ್ತು. ಆಗಲೂ ಹಡಗಿನೊಡೆಯನ ಒಪ್ಪಿಗೆಯೊಂದೇ ಸಾಲದು. ಪೋರ್ತುಗೀಜರು ಕೊಡುವ 'ಕಾರ್ತಾಜ್' ಎಂಬ ರಹದಾರಿ ಪತ್ರವಿಲ್ಲದೆ ಹಡಗು ಸುರಕ್ಷಿತವಾಗಿ ಕಡಲಿಗಿಳಿಯುವಂತಿರಲಿಲ್ಲ. ಯಾತ್ರಿಕನಿಗೂ ಅವನ ಯಾತ್ರೆಗೂ ನಡುವೆ ಮೂರನೆಯವನೊಬ್ಬ ನಿಲ್ಲುವ ಪದ್ಧತಿ ಇಷ್ಟು ಹಳೆಯದು.

ಹಜ್ ಯಾತ್ರೆಯು ಶಕ್ತಿಯುಳ್ಳವನಿಗೆ ಮಾತ್ರ ಕಡ್ಡಾಯವಾದ ಧರ್ಮಕರ್ತವ್ಯ. ಹೊರಡುವವನು ಸಾಲವನ್ನು ತೀರಿಸಿ, ಹಿಂದೆ ಉಳಿಯುವ ಹೆಂಡಿರು ಮಕ್ಕಳ ಹೊಟ್ಟೆಗೆ ಏರ್ಪಾಡು ಮಾಡಿ, ಉಳಿದ ಹಣದಲ್ಲಿ ಹೋಗಬೇಕು. ಆದುದರಿಂದ ದಾರಿಯಲ್ಲಿ ಕಳೆದ ಒಂದೊಂದು ರೂಪಾಯಿಯೂ ಹಿಂದಿರುಗುವ ದಾರಿಯನ್ನೇ ಮುಚ್ಚುವ ಸಂಭವವಿತ್ತು.

೩

ಸೂಯೆಜ್ ಕಾಲುವೆ ೧೮೬೯ರಲ್ಲಿ ತೆರೆದ ಮೇಲೆ ಕೆಂಪು ಸಮುದ್ರದಲ್ಲಿ ಉಗಿಹಡಗುಗಳ ಸಂಚಾರ ಹೆಚ್ಚಿತು. ಹಾಯಿಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣವು ಕೆಲವು ವಾರಗಳಿಗೆ ಇಳಿಯಿತು. ಮುಂಬಯಿಯು ಹಿಂದುಸ್ತಾನದ ಹಜ್ ಯಾತ್ರಿಕರ ಪ್ರಮುಖ ಬಂದರವಾಯಿತು. ಮುಂದೆ ಮೊಗಲ್ ಲೈನ್ ಎಂದು ಹೆಸರಾದ ಬಾಂಬೆ ಅಂಡ್ ಪರ್ಶಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ೧೮೭೭ರಲ್ಲಿ ಸ್ಥಾಪಿತವಾಯಿತು.

ನಮ್ಮ ಸೀಮೆಯಿಂದ ಮುಂಬಯಿಗೆ ಹೋಗಲು ಎರಡು ದಾರಿಗಳಿದ್ದುವು. ಹಳೆಯದು ಕರಾವಳಿಯ ದಾರಿ. ಹಾನಗಲ್ಲು, ಹಿರೇಕೆರೂರುಗಳ ಕಡೆಯಿಂದ ಶಿರಸಿಯ ಮೇಲೆ ಘಟ್ಟವಿಳಿದು ಕುಮಟಾ ಬಂದರವನ್ನು ಸೇರಬಹುದಾಗಿತ್ತು. ಧಾರವಾಡ ಸೀಮೆಯ ಹತ್ತಿ ಇದೇ ಬಂದರದಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಅದಕ್ಕೆ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂಬ ಹೆಸರೇ ಬಿದ್ದಿತು. ಹೊಸದು ಉಗಿಬಂಡಿಯ ದಾರಿ. ಸದರ್ನ್ ಮರಾಠಾ ರೇಲ್ವೆಯು ೧೮೮೦ರ ದಶಕದಲ್ಲಿ ಹುಬ್ಬಳ್ಳಿಯಿಂದ ಹಾವೇರಿಯ ಮೇಲೆ ಹರಿಹರದವರೆಗೆ ಹಾಯಿತು. ೧೮೯೦ರ ವೇಳೆಗೆ ಲೋಂಡಾ, ಬೆಳಗಾವಿಗಳ ಮೇಲೆ ಪುಣೆಯವರೆಗೂ ಸಂಪರ್ಕ ಏರ್ಪಟ್ಟಿತು. ಪುಣೆಯಲ್ಲಿ ಸಣ್ಣ ಹಳಿಯ ಗಾಡಿಯಿಂದ ಇಳಿದು ದೊಡ್ಡ ಹಳಿಯ ಗಾಡಿಯನ್ನು ಹತ್ತಬೇಕಾಗಿತ್ತು.

ಈ ಎರಡು ದಾರಿಗಳಲ್ಲಿ ಯಾವುದು ಎಂಬುದನ್ನು ಚಾಂದ್ರಮಾನ ಪಂಚಾಂಗವೂ ನಿರ್ಧರಿಸುತ್ತಿತ್ತು. ಹಿಜರಿ ವರ್ಷವು ಸೌರವರ್ಷಕ್ಕಿಂತ ಸುಮಾರು ೧೧ ದಿನ ಚಿಕ್ಕದಾದ ಕಾರಣ ಹಜ್ ತಿಂಗಳು ಎಲ್ಲ ಋತುಗಳಲ್ಲಿಯೂ ಸುತ್ತುತ್ತದೆ. ೧೮೮೬ರಲ್ಲಿ ಹಜ್ ದಿನಗಳು ಸೆಪ್ಟೆಂಬರದ ಮೊದಲ ಭಾಗದಲ್ಲಿ ಬಿದ್ದುವು. ಎಂದರೆ ಮುಂಬಯಿಯಿಂದ ಹೊರಡುವ ಕಾಲ ಮಳೆಗಾಲವೇ ಆಯಿತು. ಮಳೆಗಾಲದಲ್ಲಿ ಕರಾವಳಿಯ ಬಂದರಗಳು ಮುಚ್ಚುತ್ತಿದ್ದುವು. ಆದುದರಿಂದ ಆ ವರ್ಷಗಳಲ್ಲಿ ರೇಲ್ವೆಯ ಆಗಮನವು ನಮ್ಮ ಯಾತ್ರಿಕರ ಪಾಲಿಗೆ ಕೇವಲ ಅನುಕೂಲವಾಗಿರದೆ, ಯಾತ್ರೆ ಸಾಧ್ಯವಾಗುವ ಬಗೆಯೇ ಆಗಿತ್ತೆನ್ನಬಹುದು.

೪

ಮುಂಬಯಿಯಲ್ಲಿ ಇಳಿದವನನ್ನು ಮೊದಲು ಎದುರುಗೊಳ್ಳುತ್ತಿದ್ದವನು ದಲಾಲ. ಇವನು ಯಾತ್ರಿಕರನ್ನು ಮುಸಾಫರಖಾನೆಗೆ ಕರೆದೊಯ್ಯುವನು, ಭಾಷೆ ತಿಳಿಯದವರಿಗೆ ದುಭಾಷಿಯಾಗುವನು, ಹಣ ಬದಲಾಯಿಸಿ ಕೊಡುವನು, ದಾರಿಯ ಬುತ್ತಿಗೆ ಸಾಮಾನು ಕೊಡಿಸುವನು, ಕೊನೆಗೆ ಹಡಗಿನ ಟಿಕೆಟನ್ನೂ ತಂದುಕೊಡುವನು. ಹಡಗಿನೊಡೆಯನಿಂದ ತಲೆಗೆ ಇಷ್ಟೆಂದು ಅವನಿಗೆ ದಲಾಲಿ ಸಲ್ಲುತ್ತಿತ್ತು. ಟಿಕೆಟಿನ ಬೆಲೆ ಸ್ಥಿರವಾಗಿರಲಿಲ್ಲ. ಹಡಗು ತುಂಬದಿದ್ದರೆ ಇಳಿಯುವುದು, ಹಜ್ ದಿನಗಳು ಹತ್ತಿರವಾದಂತೆ ಏರುವುದು. ಹೊರಡುವ ದಿನವನ್ನು ಸಾರಿ, ಜನ ಸಾಲದೆಂದು ಹಡಗನ್ನು ನಿಲ್ಲಿಸಿಕೊಳ್ಳುವುದೂ ಇತ್ತು. ಹೀಗೆ ಕಾಯುವ ದಿನಗಳಲ್ಲಿ ಬುತ್ತಿಯ ಹಣವೇ ಕರಗುತ್ತಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯಾತ್ರಿಕನು ಕಂಪನಿಯ ಕಚೇರಿಗೇ ಹೋಗಿ ಟಿಕೆಟು ಕೊಳ್ಳಬಾರದಾಗಿತ್ತೆ? ಕೊಳ್ಳಬಹುದಾಗಿತ್ತು. ಆದರೆ ನಮ್ಮ ಸೀಮೆಯವನಿಗೆ ದಲಾಲನೆಂಬವನು ಹೊಸಬನಾಗಿರಲಿಲ್ಲ. ಹತ್ತಿ, ಮೆಣಸಿನಕಾಯಿಗಳನ್ನು ಅವನು ಮಾರುತ್ತಿದ್ದುದು ದಲಾಲಿ ಅಂಗಡಿಯ ಮೂಲಕವೇ. ಆ ಅಂಗಡಿಯವನು ಮಾಲು ಮಾರಿಕೊಡುವನು, ಬಿತ್ತುವ ಕಾಲಕ್ಕೆ ಮುಂಗಡ ಕೊಡುವನು, ಪೇಟೆಗೆ ಬಂದವನಿಗೆ ತಂಗಲು ಸ್ಥಳವನ್ನೂ ಕೊಡುವನು. ಅವನು ತೂಕದಲ್ಲಿ ತುಸು ಮೋಸ ಮಾಡಿದರೂ ಎಲ್ಲೆ ಮೀರುವಂತಿರಲಿಲ್ಲ. ಬರುವ ಸುಗ್ಗಿಗೆ ರೈತ ಮತ್ತೆ ಅವನ ಕಟ್ಟೆಗೇ ಬರಬೇಕು, ಬಾರದಿದ್ದರೆ ಅಂಗಡಿಗೇ ನಷ್ಟ. ಮುಂಬಯಿಯ ಹಡಗು ದಲಾಲನಿಗೆ ಈ ಅಂಕುಶವಿರಲಿಲ್ಲ. ಹಜ್ ಯಾತ್ರೆಗೆ ಮನುಷ್ಯನು ಸಾಮಾನ್ಯವಾಗಿ ಬಾಳಿನಲ್ಲಿ ಒಮ್ಮೆ ಹೋಗುತ್ತಾನೆ. ಇಂದು ಮೋಸಹೋದವನು ನಾಳೆ ಗಿರಾಕಿಯಾಗಿ ಬಂದು ಲೆಕ್ಕ ಕೇಳುವವನಲ್ಲ. ಊರಿನ ಪೇಟೆಯಲ್ಲಿ ಕಲಿತ ನಂಬಿಕೆಯನ್ನು ಯಾತ್ರಿಕನು ಬಂದರಕ್ಕೂ ಒಯ್ದನು. ಅದನ್ನು ಅಲ್ಲಿ ಕಾಯುವ ಕಟ್ಟುಪಾಡು ಇರಲಿಲ್ಲ. ದಲಾಲಿ ಪದ್ಧತಿಯ ದೋಷದ ಮೂಲವನ್ನು ದಲಾಲರ ಸ್ವಭಾವಕ್ಕಿಂತ ಹೆಚ್ಚಾಗಿ ಇಲ್ಲಿಯೇ ಹುಡುಕಬೇಕು.

ನೇರ ವ್ಯವಹಾರವೂ ನಿರಪಾಯವಾಗಿರಲಿಲ್ಲ. ಸಿಂಗಾಪುರ, ಪೆನಾಂಗ್‌ಗಳಿಂದ ೯೦೦ಕ್ಕೂ ಹೆಚ್ಚು ಯಾತ್ರಿಕರನ್ನು ಹೊತ್ತು ಹೊರಟ 'ಜೆಡ್ಡಾ' ಎಂಬ ಉಗಿಹಡಗನ್ನು ೧೮೮೦ರ ಆಗಸ್ಟಿನಲ್ಲಿ ಅದರ ಕಪ್ತಾನನೂ ಅಧಿಕಾರಿಗಳೂ ನಡುಗಡಲಿನಲ್ಲಿ ತೊರೆದು ಹೋದರು. ಹಡಗು ಮುಳುಗಿತೆಂದು ಏಡನ್ ಬಂದರದಲ್ಲಿ ಅವರು ವರದಿ ಕೊಟ್ಟರು. ಕೆಲವೇ ದಿನಗಳಲ್ಲಿ 'ಆಂಟೆನರ್' ಎಂಬ ಇನ್ನೊಂದು ಹಡಗು ಅದನ್ನು ಯಾತ್ರಿಕರ ಸಮೇತ ಅದೇ ಬಂದರಕ್ಕೆ ಎಳೆದು ತಂದಿತು. ಜೋಸೆಫ್ ಕಾನ್ರಾಡನ 'ಲಾರ್ಡ್ ಜಿಮ್' (೧೯೦೦) ಎಂಬ ಕಾದಂಬರಿಗೆ ಈ ಘಟನೆಯೇ ಪ್ರೇರಣೆ. ಟಿಕೆಟನ್ನು ಯಾರಿಂದ ಕೊಂಡರೂ, ಕೊಂಡ ಮೇಲೆ ಉತ್ತರ ಹೇಳಬೇಕಾದವರು ಯಾರು ಎಂಬುದು ಇತ್ಯರ್ಥವಾಗಿರದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲವೆಂಬುದನ್ನು ಈ ಪ್ರಸಂಗವು ಎತ್ತಿ ತೋರಿಸಿತು.

೫

ಸರಕಾರವು ಈ ವಿಷಯದಲ್ಲಿ ಕೈಹಾಕಿದ್ದು ಕೇವಲ ಕರುಣೆಯಿಂದಲ್ಲ. ೧೮೬೫ರಲ್ಲಿ ಮಕ್ಕೆಯಲ್ಲಿ ಹರಡಿದ ಕಾಲರಾ ಯುರೋಪನ್ನು ಮುಟ್ಟಿದ್ದರಿಂದ ೧೮೬೬ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನ ಸೇರಿತು. ಯಾತ್ರಿಕರ ಹಡಗುಗಳ ಇಕ್ಕಟ್ಟಿನ ಕಡೆಗೆ ಎಲ್ಲರ ದೃಷ್ಟಿಯೂ ತಿರುಗಿತು. ೧೮೮೨ರಿಂದ ಕಮರಾನ್ ದ್ವೀಪದಲ್ಲಿ ತುರ್ಕಿ ಸರಕಾರದ ಕ್ವಾರಂಟೈನ್ ಆರಂಭವಾಯಿತು. ಹಣವಿಲ್ಲದೆ ಜಿದ್ದಾದಲ್ಲಿ ಉಳಿದುಹೋಗುವ ಹಿಂದುಸ್ತಾನಿ ಯಾತ್ರಿಕರ ಪ್ರಶ್ನೆಯೂ ಎದ್ದಿತು. ಅಲ್ಲಿ ಉಪಕಾನ್ಸಲರಾಗಿದ್ದ ಡಾಕ್ಟರ್ ಅಬ್ದುರ್ ರಜಾಕರು ಯಾತ್ರಿಕರ ಸ್ಥಿತಿಗತಿಗಳನ್ನು ಕುರಿತು ವರದಿಗಳನ್ನು ಕಳುಹಿಸಿದರು. ೧೮೯೫ರಲ್ಲಿ ಜಿದ್ದಾದ ಹೊರವಲಯದಲ್ಲಿ ಅವರ ಕೊಲೆಯಾಯಿತು.

ಮುಂಬಯಿ ಸರಕಾರವು ೧೮೮೦ರ ದಶಕದಲ್ಲಿ ಯಾತ್ರಿಕರ ಸಂರಕ್ಷಕನೆಂಬ ಅಧಿಕಾರಿಯನ್ನು ನೇಮಿಸಿ, ದಲಾಲರು ಪರವಾನಗಿ ಪಡೆಯಬೇಕೆಂದು ವಿಧಿಸಿತು. ಇದೇ ಸಮಯದಲ್ಲಿ, ಎಂದರೆ ೧೮೮೬ರಲ್ಲಿ, ಹಿಂದುಸ್ತಾನ ಸರಕಾರವು ಲಂಡನ್ನಿನ ಥಾಮಸ್ ಕುಕ್ ಅಂಡ್ ಸನ್ ಎಂಬ ಪ್ರವಾಸ ಸಂಸ್ಥೆಯನ್ನು ಹಜ್ ಯಾತ್ರೆಯ ಅಧಿಕೃತ ಏಜೆಂಟನನ್ನಾಗಿ ಗೊತ್ತುಮಾಡಿತು. ಸಂಸ್ಥೆಯ ಮುಖ್ಯಸ್ಥ ಜಾನ್ ಮೇಸನ್ ಕುಕ್ಕನ ಯೋಜನೆ ಆಕರ್ಷಕವಾಗಿತ್ತು. ಊರ ಹತ್ತಿರದ ರೇಲ್ವೆ ನಿಲ್ದಾಣದಿಂದ ಜಿದ್ದಾವರೆಗೆ ಹೋಗಿಬರುವುದಕ್ಕೆ ಒಂದೇ ಟಿಕೆಟು, ಮೊದಲೇ ಪ್ರಕಟಿಸಿದ ದರ, ಗೊತ್ತಾದ ದಿನ. ನಮ್ಮ ಸೀಮೆಯಲ್ಲಿ ರೇಲ್ವೆ ಕಾಲಿಟ್ಟ ಕಾಲವೂ ಇದೇ ಎಂಬುದು ಗಮನಾರ್ಹ.

ಆದರೂ ಈ ಪ್ರಯೋಗ ಏಳು ವರ್ಷಗಳಲ್ಲಿಯೇ ಮುಗಿಯಿತು. ಕುಕ್ ಸಂಸ್ಥೆಯಿಂದಲೇ ಟಿಕೆಟು ಕೊಳ್ಳಬೇಕೆಂಬ ನಿರ್ಬಂಧವಿರಲಿಲ್ಲ. ದಲಾಲರೂ ಇತರ ಹಡಗಿನೊಡೆಯರೂ ದರವನ್ನಿಳಿಸಿ ಯಾತ್ರಿಕರನ್ನು ಸೆಳೆಯಬಲ್ಲವರಾಗಿದ್ದರು. ಕಮರಾನಿನ ಕ್ವಾರಂಟೈನ್ ಆಗಲಿ, ಜಿದ್ದಾದಿಂದ ಮಕ್ಕೆಗೆ ಒಯ್ಯುವ ಒಂಟೆಗಳ ಬಾಡಿಗೆಯಾಗಲಿ, ಮಕ್ಕೆಯ ಮುತವ್ವಿಫ್ ಎಂಬ ಮಾರ್ಗದರ್ಶಕರಾಗಲಿ ಅದರ ಅಂಕೆಯಲ್ಲಿರಲಿಲ್ಲ. ಈ ಮಾರ್ಗದರ್ಶಕರ ಕಡೆಯವರು ಹಿಂದುಸ್ತಾನದ ಊರುಗಳಿಗೇ ಬಂದು, ತಂದೆ ಅಜ್ಜಂದಿರ ಹೆಸರು ಹೇಳಿ ಯಾತ್ರಿಕರನ್ನು ಕೂಡಿಸುತ್ತಿದ್ದರು. ಈ ಸಲಿಗೆ ಮುದ್ರಿತ ದರಪಟ್ಟಿಗೆ ಎಲ್ಲಿಂದ ಬರಬೇಕು? ಸಂಸ್ಥೆಗೆ ನಷ್ಟವಾಯಿತು. ಆ ಹೊರೆಯನ್ನು ಹೊರಲು ಸರಕಾರ ಒಪ್ಪಲಿಲ್ಲ. ೧೮೯೩ರಲ್ಲಿ ಏಜೆನ್ಸಿ ಕೊನೆಗೊಂಡಿತು. ಮುಂಬಯಿಯಲ್ಲಿ ೧೮೯೬ರಲ್ಲಿ ಕಾಣಿಸಿಕೊಂಡ ಪ್ಲೇಗಿನ ಕಾರಣದಿಂದ ೧೮೯೭ರಲ್ಲಿ ಆ ಬಂದರದಿಂದ ಯಾತ್ರೆಯನ್ನೇ ನಿಷೇಧಿಸಲಾಯಿತು.

೬

ಇಪ್ಪತ್ತನೆಯ ಶತಮಾನದ ಕಾನೂನುಗಳು ಬೇರೆ ಹಾದಿ ಹಿಡಿದುವು. ೧೯೨೫ರ ತಿದ್ದುಪಡಿಯಂತೆ ಯಾತ್ರಿಕನು ಹೋಗಿಬರುವ ಟಿಕೆಟನ್ನೇ ಕೊಳ್ಳಬೇಕು, ಇಲ್ಲವೆ ಮರಳುವ ವೆಚ್ಚವನ್ನು ಠೇವಣಿಯಿಡಬೇಕೆಂದು ಗೊತ್ತಾಯಿತು. ಜಿದ್ದಾದಲ್ಲಿ ನಿರ್ಗತಿಕರಾಗಿ ಉಳಿಯುವವರ ಸಂಕಟ ಇದರಿಂದ ತಗ್ಗುವಂತಾಯಿತು. ಆದರೆ ಬಡವನು ಎರಡೂ ದಾರಿಯ ಹಣವನ್ನು ಮೊದಲೇ ಕೂಡಿಸಬೇಕಾಯಿತು. ಮರಳುವಾಗ ತನ್ನ ಕಂಪನಿಯ ಹಡಗು ಬರುವವರೆಗೆ ಕಾಯುವ ಕಟ್ಟೂ ಬಿದ್ದಿತು. ೧೯೩೨ರ ಕಾಯಿದೆಯಿಂದ ಮುಂಬಯಿ, ಕಲಕತ್ತೆ, ಕರಾಚಿ ಬಂದರಗಳಲ್ಲಿ ಹಜ್ ಸಮಿತಿಗಳು ರಚಿತವಾದುವು. ೧೯೩೦ರ ದಶಕದ ಕೊನೆಯಲ್ಲಿ ಸಿಂಧಿಯಾ ಕಂಪನಿಯು ಈ ವ್ಯಾಪಾರಕ್ಕಿಳಿದು ಮೊಗಲ್ ಲೈನಿನೊಡನೆ ದರದ ಸ್ಪರ್ಧೆ ಹೂಡಿತು. ಸ್ಪರ್ಧೆಯಿಂದ ಟಿಕೆಟು ಅಗ್ಗವಾಯಿತು. ಆದರೆ ಅಗ್ಗದ ಟಿಕೆಟು ಭಾಷೆಯನ್ನಾಗಲಿ ತಂಗುದಾಣವನ್ನಾಗಲಿ ಒದಗಿಸಲಾರದು. ಆ ಕೆಲಸವನ್ನು ಧರ್ಮಿಷ್ಠರು ಕಟ್ಟಿಸಿದ ಮುಸಾಫರಖಾನೆಗಳೂ ಹಜ್ ಸಮಿತಿಗಳೂ ನಿರ್ವಹಿಸಬೇಕಾಯಿತು.

ಸ್ವಾತಂತ್ರ್ಯಾನಂತರ ೧೯೫೯ರ ಹಜ್ ಸಮಿತಿ ಕಾಯಿದೆ ಬಂದಿತು. ಮುಂದೆ ಮೊಗಲ್ ಲೈನು ಸರಕಾರದ ಹಿಡಿತಕ್ಕೆ ಬಂದು, ೧೯೮೬ರಲ್ಲಿ ಸರಕಾರಿ ಶಿಪ್ಪಿಂಗ್ ಕಾರ್ಪೊರೇಶನ್ನಿನಲ್ಲಿ ಲೀನವಾಯಿತು. ೧೯೯೫ರಲ್ಲಿ ಹಡಗಿನ ಯಾತ್ರೆ ನಿಂತುಹೋಯಿತು. ೨೦೦೨ರ ಕಾಯಿದೆಯು ಹಿಂದಿನದರ ಸ್ಥಾನದಲ್ಲಿ ಬಂದಿತು. ಇಂದು ಹಾನಗಲ್ಲಿನವನಾಗಲಿ ಸವಣೂರಿನವನಾಗಲಿ ಹಜ್ ಸಮಿತಿಗೆ ಅರ್ಜಿ ಹಾಕಿ ಹೋಗಬಹುದು, ಅಥವಾ ನೋಂದಾಯಿತ ಖಾಸಗಿ ಪ್ರವಾಸ ಸಂಸ್ಥೆಯ ಮೂಲಕ ಹೋಗಬಹುದು. ಹಡಗಿನ ಬದಲು ವಿಮಾನ ಬಂದಿದೆ. ಆಯ್ಕೆಯ ಸ್ವರೂಪ ಮಾತ್ರ ಹಿಂದಿನದೇ.

೭

ಮೇಲಿನ ವಿವೇಚನೆಯಿಂದ ಒಂದು ತೀರ್ಮಾನಕ್ಕೆ ಬರಬಹುದು. ಮಧ್ಯಸ್ಥನನ್ನು ತೆಗೆದುಹಾಕಿದ ಮಾತ್ರಕ್ಕೆ ಮಧ್ಯಸ್ಥನ ಕೆಲಸ ಇಲ್ಲವಾಗುವುದಿಲ್ಲ. ಊರಿಗೂ ಬಂದರಕ್ಕೂ, ಭಾಷೆಗೂ ಭಾಷೆಗೂ, ಬಡವನ ಗಂಟಿಗೂ ಹಡಗಿನೊಡೆಯನ ಲೆಕ್ಕಕ್ಕೂ ನಡುವಣ ದೂರವನ್ನು ಯಾರಾದರೂ ತುಂಬಲೇಬೇಕು. ದಲಾಲನು ಅದನ್ನು ತುಂಬಿದನು, ಆದರೆ ಹೊಣೆ ಹೊರಲಿಲ್ಲ. ಕುಕ್ ಸಂಸ್ಥೆ ಹೊಣೆಯನ್ನು ಬರೆದುಕೊಟ್ಟಿತು, ಆದರೆ ಆ ದೂರವನ್ನು ತುಂಬಲಾರದೆ ಹೋಯಿತು. ಪರವಾನಗಿ, ಮರುಪಯಣದ ಠೇವಣಿ, ಹಜ್ ಸಮಿತಿ ಇವೆಲ್ಲ ಊರ ಪೇಟೆಯಲ್ಲಿ ಬರುವ ಸುಗ್ಗಿಯ ಭಯವು ಮಾಡುತ್ತಿದ್ದ ಕೆಲಸವನ್ನು ಕಾಯಿದೆಯಿಂದ ಮಾಡಿಸುವ ಪ್ರಯತ್ನಗಳು. ಯಾತ್ರೆಯ ಏರ್ಪಾಡುಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳು ದರದ ಪಟ್ಟಿಗಳೊಡನೆ ಈ ಹೊಣೆಯ ಇತಿಹಾಸವನ್ನೂ ಲಕ್ಷಿಸುವುದು ಯುಕ್ತ. ಆಯುಷ್ಯದಲ್ಲಿ ಒಮ್ಮೆ ಮನೆಯಿಂದ ಹೊರಟ ಸವಣೂರು ಸೀಮೆಯ ಯಾತ್ರಿಕನು ಸುಖವಾಗಿ ಮರಳಿ ಬರುವುದು ಬಹುಮಟ್ಟಿಗೆ ಅದನ್ನೇ ಅವಲಂಬಿಸಿತ್ತು.